ಕಂಬಗಳ ದ್ವೀಪಕ್ಕೆ ಬುತ್ತಿ ಕಟ್ಟಿಕೊಂಡು

ನಮ್ಮ ಅಕ್ಕನ ಮಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೆಲಸಕ್ಕಿದ್ದಾನೆ. ಹೋದ ವರ್ಷ ಜೂನ್ ತಿಂಗಳಲ್ಲಿ, ಇಲ್ಲಿ ತಿಳವಳ್ಳಿಯಲ್ಲಿ ನಾವೆಲ್ಲ ಮುಗಿಲು ನೋಡುತ್ತ ಬೀಜ-ಗೊಬ್ಬರದ ಲೆಕ್ಕದಲ್ಲಿ ಮುಳುಗಿದ್ದಾಗ, ಅವನು ನಾಲ್ಕು ದಿನ ರಜೆ ಹಾಕಿ ಮಲ್ ಎಂಬ ದ್ವೀಪ ಸುತ್ತಲು ಹೋದ. ದಿನಾ ಸಂಜೆ ಫೋಟೋ ಕಳಿಸುತ್ತಿದ್ದ. ಒಂದೇ ಗಾಡಿ ಹಿಡಿಸುವಷ್ಟು ಅಗಲದ ರಸ್ತೆ. ಎದುರಿನಿಂದ ಇನ್ನೊಂದು ಗಾಡಿ ಬಂದರೆ ಯಾರಾದರೊಬ್ಬರು ಪಕ್ಕದ ಅಂಚಿಗೆ ಸರಿದು ನಿಲ್ಲಬೇಕು. ನಡುರಸ್ತೆಯಲ್ಲಿ ಕುರಿಗಳು. ಗಿಡಮರವಿಲ್ಲದ ಬೋಳು ಗುಡ್ಡಗಳು, ಅವುಗಳಲ್ಲಿ ಎತ್ತರದ್ದು 966 ಮೀಟರ್. ಬೆಳಿಗ್ಗೆ ಮಳೆ, ಮಧ್ಯಾಹ್ನ ಬಿಸಿಲು, ಸಂಜೆ ಮತ್ತೆ ಮಳೆ. ಬಹಳ ಉತ್ತರಕ್ಕಿರುವ ನಾಡಾದ್ದರಿಂದ ಜೂನ್‌ನಲ್ಲಿ ರಾತ್ರಿ ಹತ್ತಾದರೂ ಅಲ್ಲಿ ಬೆಳಕು. ‘ಮಾಮಾ, ಇಲ್ಲಿ ಊಟ ಮಾಡಿ ಮಲಗಬೇಕಂದ್ರ ಕತ್ತಲಾಗವಲ್ದು’ ಎಂದು ಫೋನಿನಲ್ಲಿ ನಗುತ್ತಿದ್ದ.

ಫೋಟೋ ನೋಡಿದ ನಮ್ಮ ಮನೆಯವಳು ಒಂದೇ ಮಾತು ಅಂದಳು. ‘ನಮ್ಮ ರಜಾ ಅಂದ್ರ ತವರುಮನಿ, ಇಲ್ಲಾಂದ್ರ ಸಿರ್ಸಿ ಜಾತ್ರಿ.’ ಅದರಲ್ಲಿ ದೂರು ಇತ್ತೋ, ತವರಿನ ನೆನಪಿತ್ತೋ ನಾನು ಕೆದಕಲಿಲ್ಲ. ಕೆದಕದಿರುವುದೇ ಕ್ಷೇಮ ಎಂದು ಇಷ್ಟು ವರ್ಷದ ಸಂಸಾರದಲ್ಲಿ ಕಲಿತಿದ್ದೇನೆ.

ಮೂರನೆಯ ದಿನ ಬಂದ ಫೋಟೋ ಮಾತ್ರ ಮನೆಯವರನ್ನೆಲ್ಲ ಒಂದು ಕಡೆ ಕೂಡಿಸಿತು. ಮಲ್ ದ್ವೀಪದಿಂದ ದೋಣಿ ಹತ್ತಿ ಅವನು ಸ್ಟಾಫಾ ಎಂಬ ಸಣ್ಣ ದ್ವೀಪಕ್ಕೆ ಹೋಗಿದ್ದ. ಉದ್ದ ಒಂದು ಕಿಲೋಮೀಟರ್ ಕೂಡ ಇಲ್ಲ, ಜನವಸತಿ ಇಲ್ಲ. ಆದರೆ ಇಡೀ ದ್ವೀಪಕ್ಕೆ ಕಲ್ಲಿನ ಕಂಬಗಳ ಗೋಡೆ. ಒಂದಕ್ಕೊಂದು ಒತ್ತಿ ನಿಲ್ಲಿಸಿದಂತೆ ನೂರಾರು ಕಂಬ, ನಡುವೆ ಸಮುದ್ರ ಒಳನುಗ್ಗುವ ಒಂದು ಗವಿ. ಏಳನೆಯ ಇಯತ್ತೆಯ ನಮ್ಮ ಹುಡುಗ ಕಣ್ಣರಳಿಸಿ ಕೇಳಿದ. ‘ಅಪ್ಪಾ, ಇವು ನಮ್ಮ ಶಾಂತೇಶ್ವರ ಗುಡಿ ಕಂಬ ಇದ್ದಂಗ ಅದಾವು. ಸಮುದ್ರದಾಗ ಯಾರು ಕೆತ್ಯಾರ?’

ತಿಳವಳ್ಳಿಯ ಹುಡುಗ ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮೂರ ಶಾಂತೇಶ್ವರ ಗುಡಿ 13ನೇ ಶತಮಾನದ್ದು. ಕಲ್ಲಿನ ಕಂಬ ಎಂದರೆ ಉಳಿ ಹಿಡಿದ ಮನುಷ್ಯನ ಕೈ ಎಂದೇ ನಮ್ಮ ಮಕ್ಕಳು ತಿಳಿದಿರುವುದು. ನನಗೆ ಉತ್ತರ ಗೊತ್ತಿರಲಿಲ್ಲ. ‘ಅಭ್ಯಾಸ ಮಾಡು ಹೋಗು’ ಎಂದು ಗದರಿಸುವ ಹಳೆಯ ಉಪಾಯ ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಮಗಳು ಆ ಚಿತ್ರವನ್ನು ತನ್ನ ವಿಜ್ಞಾನದ ಮಾಸ್ತರರಿಗೆ ತೋರಿಸುತ್ತೇನೆಂದಳು. ಮರುದಿನ ಮಾಸ್ತರರ ಉತ್ತರ ಬಂತು. ‘ಇದನ್ನ ನೋಡಾಕ ಸ್ಕಾಟ್ಲೆಂಡಿಗೆ ಯಾಕ ಹೋಗ್ಬೇಕು? ಮಲ್ಪಿಗೆ ಹೋಗ್ರಿ.’

ಮಲ್‌ಗೆ ಹೋಗಲಾರದವರು ಮಲ್ಪೆಗೆ! ಹಾಗೆ ದಸರಾ ರಜೆಯ ಕೊನೆಗೆ ನಮ್ಮ ಪ್ರವಾಸ ಗಟ್ಟಿಯಾಯಿತು. ಮಳೆಗಾಲದ ತಿಂಗಳುಗಳಲ್ಲಿ ಆ ದ್ವೀಪಕ್ಕೆ ದೋಣಿ ಬಿಡುವುದಿಲ್ಲವಾದ್ದರಿಂದ ಅಲ್ಲಿಯವರೆಗೆ ಕಾಯಲೇಬೇಕಿತ್ತು. ಕ್ರೂಸರ್ ಗಾಡಿ ಗೊತ್ತು ಮಾಡಿದೆವು. ನಮ್ಮ ಮನೆ, ತಮ್ಮನ ಮನೆ, ಜೊತೆಗೆ ಅವ್ವ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ. ‘ಸಮುದ್ರ ನೋಡಿ ನಾ ಏನ್ ಮಾಡ್ಲಿ, ಉಡುಪಿ ಕೃಷ್ಣನ್ನ ತೋರಸ್ತೀರಿ ಅಂದ್ರ ಬರ್ತೀನಿ’ ಎಂಬುದು ಅವ್ವನ ಷರತ್ತು. ಆನವಟ್ಟಿ, ಸೊರಬ, ಸಾಗರ ದಾಟಿ, ಕೆಳದಿ ಅರಸರ ಹಳೆಯ ರಾಜಧಾನಿ ನಗರದ ಮೇಲೆ ಹಾದು, ಹುಲಿಕಲ್ ಘಟ್ಟ ಇಳಿದೆವು. ಘಟ್ಟದ ತಿರುವುಗಳಲ್ಲಿ ಹುಡುಗರ ಹೊಟ್ಟೆಯಲ್ಲಿದ್ದ ಬುತ್ತಿ ಏನಾಯಿತೆಂದು ಬರೆಯುವುದಿಲ್ಲ. ಕುಂದಾಪುರದ ಹತ್ತಿರ ಗಾಳಿ ಉಪ್ಪಾಯಿತು, ಕೃಷ್ಣನ ದರ್ಶನವೂ ಆಯಿತು. ಮರುದಿನ ಬೆಳಿಗ್ಗೆ ಮಲ್ಪೆಯ ಬಂದರಿನಲ್ಲಿ ನಿಂತಿದ್ದೆವು.

ದೋಣಿ ಹತ್ತುವ ಮೊದಲು ತೇಲುವ ಜಾಕೆಟ್ ಕೊಟ್ಟರು. ನಮ್ಮ ಹುಡುಗನಿಗೆ ಅದು ಮೊಣಕಾಲಿನವರೆಗೆ ಬಂತು. ಸಣ್ಣದು ಕೇಳಿದರೆ ಹುಡುಕಿ ಕೊಟ್ಟರು. ಕೇಳದಿದ್ದರೆ ಅದನ್ನೇ ತೊಟ್ಟು ಹೋಗುತ್ತಿದ್ದ. ದೊಡ್ಡ ಜಾಕೆಟ್ ನೀರಿನಲ್ಲಿ ಮೈಬಿಟ್ಟು ಮೇಲಕ್ಕೆ ಜಾರುತ್ತದೆ, ತೊಟ್ಟೂ ಉಪಯೋಗವಿಲ್ಲ ಎಂದು ದೋಣಿಯವನೇ ಆಮೇಲೆ ಹೇಳಿದ. ಅವ್ವ ಜಾಕೆಟ್ಟಿನ ಮೇಲೆ ಸೆರಗು ಹೊದ್ದು ಕೂತಳು. ಬೇಡವೆನ್ನುವ ಧೈರ್ಯ ದೋಣಿಯವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಸೇಂಟ್ ಮೇರೀಸ್ ದ್ವೀಪಗಳು ಎಂದು ಇಂಗ್ಲಿಷಿನವರು ಕರೆದದ್ದೇ ಈಗ ರೂಢಿಯಲ್ಲಿರುವ ಹೆಸರು. ಊರಿನವರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎಂಬ ಮಾತಿದೆ. ಇವು ಸಾಲಾಗಿರುವ ಸಣ್ಣ ದ್ವೀಪಗಳು. ಪ್ರವಾಸಿಗರನ್ನು ಒಯ್ಯುವುದು ತೆಂಗಿನ ಮರಗಳಿರುವ ದ್ವೀಪಕ್ಕೆ. ಉದ್ದ ಸುಮಾರು ಅರ್ಧ ಕಿಲೋಮೀಟರ್. ತಿಳವಳ್ಳಿಯ ಸಂತೆಪೇಟೆಯಲ್ಲಿ ಒಂದು ಸುತ್ತು ಹಾಕಿದಷ್ಟರಲ್ಲಿ ಮುಗಿದುಹೋಗುತ್ತದೆ. ಮನೆಯಿಲ್ಲ, ಹೊಲವಿಲ್ಲ. ಕಾಲಿಟ್ಟರೆ ಮರಳಿಗಿಂತ ಹೆಚ್ಚು ಚಿಪ್ಪುಗಳೇ ಸಿಗುವ ಒಂದು ದಂಡೆ, ಮಿಕ್ಕದ್ದೆಲ್ಲ ಕಲ್ಲು.

ಆ ಕಲ್ಲು! ಆಳೆತ್ತರದವು, ಎರಡಾಳಿನ ಎತ್ತರದವು, ಮುರಿದು ಮೆಟ್ಟಿಲಾದವು, ಮಲಗಿದವು. ಸೌದೆ ಒಟ್ಟಿದಂತೆ ಒಂದರ ಪಕ್ಕ ಒಂದು ನಿಂತಿವೆ. ತುಂಡಾದ ಕಡೆ ಮೇಲಿನಿಂದ ನೋಡಿದರೆ ನೆಲಕ್ಕೆ ಕಲ್ಲು ಹಾಸಿದ ಹಾಗೆ, ಜೇನುಹುಟ್ಟು ಕತ್ತರಿಸಿ ಇಟ್ಟ ಹಾಗೆ. ಮಗಳು ಪಟ್ಟಿ ಬಿಚ್ಚಿ ಮೂಲೆಗಳನ್ನು ಎಣಿಸತೊಡಗಿದಳು. ಐದು, ಆರು, ಆರು, ಏಳು, ಆರು. ಆರರದ್ದೇ ಹೆಚ್ಚು. ಸ್ಕಾಟ್ಲೆಂಡಿನ ಫೋಟೋವನ್ನು ಫೋನಿನಲ್ಲಿ ತೆಗೆದು ಪಕ್ಕಕ್ಕಿಟ್ಟು ನೋಡಿದೆವು. ಅಲ್ಲಿಯದು ಕಪ್ಪು, ಇಲ್ಲಿಯದು ಸ್ವಲ್ಪ ತಿಳಿ ಬಣ್ಣ. ಅಷ್ಟು ಬಿಟ್ಟರೆ ಅಣ್ಣ-ತಮ್ಮ.

ಯಾರು ಕೆತ್ತಿದರು? ನಮ್ಮ ಅವ್ವನಲ್ಲಿ ಉತ್ತರ ಸಿದ್ಧವಿತ್ತು. ‘ಭೀಮಸೇನನ ಕೆಲಸ ಇದು. ಮನಷ್ಯಾರ ಕೈಲೆ ಆಗೂದಲ್ಲ.’ ಹಾನಗಲ್ಲೇ ವಿರಾಟನಗರ, ಕೀಚಕನನ್ನು ಭೀಮ ಕೊಂದದ್ದು ಅಲ್ಲಿಯೇ ಎಂದು ನಂಬಿ ಬೆಳೆದ ಹೆಣ್ಣುಮಗಳು ಇನ್ನೇನು ಹೇಳಿಯಾಳು? ಮಜಾ ಏನೆಂದರೆ, ಸ್ಟಾಫಾದ ಗವಿಗೆ ಫಿಂಗಲನ ಗವಿ ಎಂದು ಹೆಸರು. ಅದೇ ಬಗೆಯ ಕಂಬಗಳು ಸಮುದ್ರದ ಆಚೆ ಉತ್ತರ ಐರ್ಲೆಂಡಿನ ದಂಡೆಯಲ್ಲಿ ಸುಮಾರು 40,000 ಇವೆ. ಫಿನ್ ಎಂಬ ದೈತ್ಯ ಸ್ಕಾಟ್ಲೆಂಡಿನ ಇನ್ನೊಬ್ಬ ದೈತ್ಯನೊಡನೆ ಕಾದಾಡಲು ಸಮುದ್ರಕ್ಕೆ ಹಾಸಿದ ದಾರಿ ಅದು ಎಂದು ಅಲ್ಲಿಯ ಜನ ಹೇಳುತ್ತಾರೆ. ಆ ಫಿನ್‌ನೇ ಸ್ಕಾಟ್ಲೆಂಡಿನವರ ಬಾಯಲ್ಲಿ ಫಿಂಗಲ್. ಇದನ್ನು ಹೇಳಿದಾಗ ಅವ್ವ ‘ಮತ್ತ? ಅಲ್ಲೂ ಒಬ್ಬ ಭೀಮ ಇರಬೇಕಲ್ಲ’ ಎಂದಳು. ಹಾನಗಲ್ಲಿನ ಅಜ್ಜಿಯೂ ಐರ್ಲೆಂಡಿನ ಅಜ್ಜಿಯೂ ಎದುರು ಕೂತರೆ ಭಾಷೆಯ ಹಂಗಿಲ್ಲದೆ ಹರಟಬಹುದು.

ಮಾಸ್ತರರು ಮಗಳಿಗೆ ಕೊಟ್ಟು ಕಳಿಸಿದ ಉತ್ತರ ಬೇರೆ. ಅದನ್ನು ಅವಳು ಅಲ್ಲಿಯೇ, ಒಂದು ಕಂಬದ ಮೇಲೆ ಕೂತು ತಮ್ಮನಿಗೆ ತಿಳಿಸಿದಳು. ನಾನೂ ಕೇಳಿಸಿಕೊಂಡೆ, ಕೇಳದವನ ಹಾಗೆ. ಭೂಮಿಯ ಒಳಗಿನಿಂದ ಕರಗಿದ ಕಲ್ಲು ಉಕ್ಕಿ ಬಂದು ದಪ್ಪ ಪದರವಾಗಿ ಹರಡಿತು. ಮೇಲಿನಿಂದ, ಕೆಳಗಿನಿಂದ ಆರತೊಡಗಿತು. ಆರಿದ್ದು ಕುಗ್ಗಲೇಬೇಕು. ಆದರೆ ಇಡೀ ಪದರ ಒಟ್ಟಿಗೆ ಸರಿದು ಕುಗ್ಗಲು ಜಾಗವಿಲ್ಲ. ಆಗ ಅದು ಅಲ್ಲಲ್ಲೇ ಬಿರುಕು ಬಿಡುತ್ತದೆ. ಕಲ್ಲು ಒಳಗೊಳಗೆ ಆರುತ್ತ ಹೋದಂತೆ ಬಿರುಕೂ ಒಳಗೊಳಗೆ ಇಳಿಯುತ್ತದೆ. ಬಿರುಕುಗಳ ನಡುವೆ ಉಳಿದದ್ದೇ ಕಂಬ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಎರೆಮಣ್ಣು ಒಡೆಯುವುದಿಲ್ಲವೇ, ಹಾಗೆ. ಕೆರೆಯ ಮಣ್ಣು ಗೇಣುದ್ದ ಒಡೆದರೆ ಇದು ಆಳುದ್ದ ಒಡೆದಿದೆ.

‘ಹಂಗಾರ ಯಾರೂ ಕೆತ್ತಿಲ್ಲ’ ಎಂದ ಹುಡುಗ. ಅವನ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು.

ಅವನ ಮುಖ ಮತ್ತೆ ಅರಳಿದ್ದು ಮಡಗಾಸ್ಕರಿನ ಮಾತು ಬಂದಾಗ. ಆಫ್ರಿಕಾದ ಪಕ್ಕ ಇರುವ ಆ ದೊಡ್ಡ ದ್ವೀಪ ಒಂದು ಕಾಲಕ್ಕೆ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ನೆಲ ಸೀಳಿ, ಅದು ಅತ್ತ, ನಾವು ಇತ್ತ ಆದೆವು. ಆ ಸೀಳಿನ ಕಾಲದಲ್ಲಿ ಉಕ್ಕಿದ ಕಲ್ಲೇ ತೋನ್ಸೆಪಾರಿನ ಕಂಬಗಳು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದೇ ಕಾಲದ ಅಗ್ನಿಶಿಲೆ ಮಡಗಾಸ್ಕರಿನಲ್ಲೂ ಇದೆ. ಸ್ಟಾಫಾದ ಕಥೆಯೂ ಇದೇ ಜಾತಿಯದು. ಸುಮಾರು 6 ಕೋಟಿ ವರ್ಷಗಳ ಹಿಂದೆ ಗ್ರೀನ್‌ಲ್ಯಾಂಡೂ ಸ್ಕಾಟ್ಲೆಂಡೂ ದೂರವಾಗಿ ನಡುವೆ ಅಟ್ಲಾಂಟಿಕ್ ಸಾಗರ ಬಾಯಿ ಬಿಡುತ್ತಿದ್ದ ಕಾಲದ ಕಲ್ಲು ಅದು. ಎರಡೂ ಕಡೆ ಪಾಲಾದ ಮನೆಯ ಗುರುತು. ಹಿಸೆಯಾದ ಹೊಲದ ನಡುವೆ ನೆಟ್ಟ ಬಾಂದಗಲ್ಲು ಎಂದರೆ ನಮ್ಮ ಕಡೆಯ ಹುಡುಗರಿಗೆ ಬೇಗ ತಿಳಿಯುತ್ತದೆ.

ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಅಂಥವು ಇನ್ನೂ ಇವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಒಂದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸಮುದ್ರದ ತಳದಲ್ಲಿ ಉಕ್ಕಿ ದಿಂಬಿನಾಕಾರಕ್ಕೆ ಆರಿದ ಕಲ್ಲು ಇನ್ನೊಂದು. ಲಾಲ್‌ಬಾಗಿಗೆ ಶಾಲೆಯ ಪ್ರವಾಸಗಳು ಹೋಗುತ್ತವೆ, ಹೂವು ನೋಡಿ ಬರುತ್ತವೆ. ಬಂಡೆಯ ಮೇಲೆ ಕೂತು ಚುರುಮುರಿ ತಿಂದು ಬರುತ್ತವೆ.

ಅಂದ ಹಾಗೆ, 8 ಕೋಟಿ ಎಂದು ಬೆರಗಾಗುವ ನಾವು ಕಾಲಡಿಯದನ್ನು ಮರೆಯುತ್ತೇವೆ. ನಮ್ಮ ಸೀಮೆಯ ಹೆಸರು ಹೊತ್ತ ಧಾರವಾಡ ಶಿಲೆಗಳಿಗೆ ಆ ಹೆಸರಿಟ್ಟವನು 19ನೇ ಶತಮಾನದ ಕೊನೆಯಲ್ಲಿ ಈ ನಾಡನ್ನೆಲ್ಲ ಸುತ್ತಿದ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. ಅವು 250 ಕೋಟಿ ವರ್ಷಕ್ಕೂ ಹಳೆಯವು. ಅವುಗಳ ಮುಂದೆ ಮಲ್ಪೆಯ ಕಂಬಗಳು ಮೊನ್ನೆ ಹುಟ್ಟಿದ ಕೂಸು.

ಈಗ ನಾನು ಬರೆಯಲು ಮನಸ್ಸಿಲ್ಲದೆಯೂ ಬರೆಯಬೇಕಾದ ಭಾಗ.

ದ್ವೀಪದ ಪಡುವಣ ಬದಿಗೆ ಕಂಬಗಳು ಚೆನ್ನಾಗಿ ಕಾಣುತ್ತವೆ, ತೆರೆಯೂ ಅಲ್ಲಿಯೇ ಬಂದು ಬಡಿಯುತ್ತದೆ. ನನಗೆ ಅಕ್ಕನ ಮಗನಿಗೆ ಸರಿಸಾಟಿಯಾದ ಒಂದು ಫೋಟೋ ಕಳಿಸುವ ಆಸೆ. ಹುಡುಗನನ್ನು ಒಂದು ಮುರಿದ ಕಂಬದ ಮೇಲೆ ನಿಲ್ಲಿಸಿದೆ. ‘ಇನ್ನೊಂದೀಟು ಹಿಂದ ಸರಿ’ ಎಂದೆ. ಹೌದು, ನಾನೇ ಎಂದೆ. ನೀರು ಅವನಿಂದ ನಾಲ್ಕು ಮಾರು ದೂರದಲ್ಲಿತ್ತು, ಬಹಳ ಹೊತ್ತಿನಿಂದ ಸುಮ್ಮನಿತ್ತು. ಹಿಂದಿನಿಂದ ಸೀಟಿ ಊದಿದ ಸದ್ದು, ‘ಹುಡುಗನನ್ನು ಎಳ್ಕೊಳ್ಳಿ ಮಾರಾಯ್ರೇ!’ ಎಂಬ ಕೂಗು. ಅಷ್ಟರಲ್ಲಿ ಎಲ್ಲಿತ್ತೋ ಒಂದು ತೆರೆ, ಆ ಕಂಬವನ್ನೇ ಮುಳುಗಿಸಿ ಹೋಯಿತು. ಹುಡುಗ ಕೂಗಿಗೆ ಬೆಚ್ಚಿ ಮುಂದಕ್ಕೆ ನೆಗೆದಿದ್ದ. ಪಾಚಿಯ ಮೇಲೆ ಜಾರಿ ಮೊಣಕಾಲು ತರಚಿತು, ಅಷ್ಟೇ. ಹಿಂದಕ್ಕೆ ಜಾರಿದ್ದರೆ ಈ ಅಂಕಣ ಈ ವಾರ ಇರುತ್ತಿರಲಿಲ್ಲ.

ಸೀಟಿ ಊದಿದ ಕಾವಲುಗಾರ ಹತ್ತಿರ ಬಂದ. ಬಯ್ಯಲಿಲ್ಲ. ‘ಯಾವ ಊರು?’ ಎಂದ. ಹೇಳಿದೆ. ‘ಘಟ್ಟದ ಮೇಲಿನವರಿಗೆ ಹೀಗೇ ಆಗುವುದು. ನಿಮಗೆ ಕೆರೆ ಗೊತ್ತು. ಕೆರೆ ಇದ್ದಲ್ಲೇ ಇರ್ತದೆ, ಇದು ಇರುವುದಿಲ್ಲ’ ಎಂದ. ಸಣ್ಣ ತೆರೆಗಳು ಹತ್ತಾರು ಬಂದ ಮೇಲೆ ಇದ್ದಕ್ಕಿದ್ದಂತೆ ದೊಡ್ಡ ತೆರೆಗಳು ಎರಡು-ಮೂರು ಒಟ್ಟಿಗೆ ಬರುವುದುಂಟಂತೆ. ಸುಮ್ಮನಿದೆ ಎಂದು ನಂಬಿ ನಿಂತವನನ್ನೇ ಅವು ಒಯ್ಯುವುದು. ಒಣಗಿದ ಕಲ್ಲು ಎಲ್ಲಿ ಮುಗಿದು ಒದ್ದೆ ಕಲ್ಲು ಎಲ್ಲಿ ಶುರುವಾಗುತ್ತದೋ ಅದೇ ಗೆರೆ, ಅದರಾಚೆ ಕಾಲಿಡಬೇಡಿ ಎಂದು ನನಗೆ ಪಾಠ ಹೇಳಿದ. ಒದ್ದೆಯಾಗಿದೆ ಎಂದರೆ ತೆರೆ ಅಲ್ಲಿಗೆ ಬಂದು ಹೋಗಿದೆ ಎಂದೇ ಅರ್ಥ. ಇಷ್ಟು ಸರಳ ಮಾತು ನನ್ನ ಓದಿದ ತಲೆಗೆ ಹೊಳೆದಿರಲಿಲ್ಲ.

ಇದೇ ದ್ವೀಪದಲ್ಲಿ 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ದಂಡೆಯಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ವಸತಿಶಾಲೆಯ ನಾಲ್ವರು ಹುಡುಗಿಯರು ತೀರಿಕೊಂಡರು. ಮುಳಬಾಗಿಲೂ ನಮ್ಮ ಹಾಗೆ ಕೆರೆಯ ಸೀಮೆ. ಆ ಮಕ್ಕಳಲ್ಲಿ ಎಷ್ಟು ಜನ ಅಂದೇ ಮೊದಲ ಸಲ ಸಮುದ್ರ ನೋಡಿದ್ದರೋ. ಆಗ ಪತ್ರಿಕೆಯಲ್ಲಿ ಓದಿ, ‘ಛೇ, ಜತೆಗಿದ್ದವರು ಏನು ಮಾಡುತ್ತಿದ್ದರು?’ ಎಂದು ನಾನೂ ಕೇಳಿದ್ದೆ. ಜತೆಗಿದ್ದವರು ಏನು ಮಾಡುತ್ತಿರುತ್ತಾರೆ ಎಂದು ಈಗ ಗೊತ್ತಾಯಿತು. ಫೋಟೋ ತೆಗೆಯುತ್ತಿರುತ್ತಾರೆ.

ಡಿಸೆಂಬರ್ ಬಂತೆಂದರೆ ಶಾಲೆಯಿಂದ ಒಪ್ಪಿಗೆ ಪತ್ರ ಮನೆಗೆ ಬರುತ್ತದೆ. ನಾವು ದುಡ್ಡೆಷ್ಟು ಎಂದು ನೋಡಿ ಸಹಿ ಹಾಕುತ್ತೇವೆ. ಮಕ್ಕಳನ್ನು ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಆ ಕಂಬಗಳನ್ನು ನೋಡಿದ ಮೇಲೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಆದರೆ ಸಹಿ ಹಾಕುವ ಮೊದಲು ಗುರುಗಳನ್ನು ನಾಲ್ಕು ಮಾತು ಕೇಳಿದರೆ ಅವರೇನೂ ಸಿಟ್ಟಾಗಲಾರರು. ನೀರಿಗೆ ಇಳಿಸುತ್ತೀರಾ, ಇಳಿಸಿದರೆ ಎಷ್ಟು ಆಳಕ್ಕೆ? ಅಲ್ಲಿ ಕಾವಲುಗಾರರಿದ್ದಾರಾ? ಎಷ್ಟು ಮಕ್ಕಳಿಗೆ ಒಬ್ಬ ಮಾಸ್ತರರು, ಮತ್ತು ಅವರು ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಾರಾ? ಮಕ್ಕಳಿಗೂ ಒಂದು ಮಾತು ತಿಳಿಸಿ ಕಳಿಸಬೇಕು. ದಂಡೆಯಲ್ಲಿ ಎರಡೂ ಕಡೆ ತೆರೆ ಒಡೆಯುತ್ತ, ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ ಶಾಂತವಾಗಿ ಕಂಡರೆ ಅದು ಆಡುವ ಜಾಗವಲ್ಲ. ದಂಡೆಗೆ ಬಂದ ನೀರು ತಿರುಗಿ ಸಮುದ್ರಕ್ಕೆ ಹೋಗುವ ದಾರಿ ಅದಾಗಿರಬಹುದು. ಅದರಲ್ಲಿ ಸಿಕ್ಕವನು ದಂಡೆಯ ಕಡೆಗೆ ನೇರ ಈಜಲು ಹೋಗಿ ಸೋಲುತ್ತಾನೆ. ಗಾಬರಿಯಾಗದೆ ತೇಲುತ್ತ ಪಕ್ಕಕ್ಕೆ, ದಂಡೆಯ ಗುಂಟ ಸರಿದು ಆ ಪಟ್ಟಿಯಿಂದ ಹೊರಬರಬೇಕು. ಈಜು ಬಾರದವರು ಅವನ ಹಿಂದೆ ನೀರಿಗೆ ಹಾರಬಾರದು. ಹಗ್ಗವನ್ನೋ ತೇಲುವ ಸಾಮಾನನ್ನೋ ಎಸೆಯಬೇಕು. ಕೆರೆಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಉತ್ತರದ ಆ ದ್ವೀಪದಲ್ಲಿ ಹೇಗೆ ಎಂದು ಅಕ್ಕನ ಮಗನನ್ನು ಕೇಳಿದೆ. ಅಲ್ಲಿಯೂ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ದೋಣಿ, ಸಮುದ್ರ ಸರಿಯಿಲ್ಲದಿದ್ದರೆ ಇಳಿಸುವುದೇ ಇಲ್ಲವಂತೆ. ಇವನು ಮೊದಲ ದಿನ ಹೋದಾಗ ಹಾಗೇ ಆಗಿ, ದೂರದಿಂದಲೇ ನೋಡಿ ಮರಳಿ, ಮರುದಿನ ಮತ್ತೆ ಹೋದನಂತೆ. ಅದನ್ನು ನಮಗೆ ಹೇಳಿರಲಿಲ್ಲ. ಫೋಟೋದಲ್ಲಿ ಅದೆಲ್ಲ ಬರುವುದಿಲ್ಲ. 1829ರಲ್ಲಿ ಮೆಂಡೆಲ್ಸನ್ ಎಂಬ ಇಪ್ಪತ್ತರ ಹರೆಯದ ಜರ್ಮನ್ ಸಂಗೀತಗಾರ ಅಲ್ಲಿಗೆ ಹೋಗಿಬಂದು ಆ ಸಮುದ್ರದ ಮೇಲೆ ಒಂದು ದೊಡ್ಡ ವಾದ್ಯಕೃತಿಯನ್ನೇ ರಚಿಸಿದ. ನಮ್ಮ ತೋನ್ಸೆಪಾರಿಗೆ ಅಂಥ ಭಾಗ್ಯ ಇನ್ನೂ ಬಂದಿಲ್ಲ. ನಾವು ಹೋದ ದಿನ ಅಲ್ಲಿ ಕೇಳಿದ ಸಂಗೀತ ಯಾರದೋ ಮೊಬೈಲಿನ ಸಿನೆಮಾ ಹಾಡು.

ಮರಳುವಾಗ ಹುಡುಗ ಮಾತಾಡಲಿಲ್ಲ. ಮೊಣಕಾಲಿನ ಗಾಯವನ್ನು ಅವನವ್ವ ನೋಡಿದಳು. ನನ್ನನ್ನೂ ನೋಡಿದಳು. ಘಟ್ಟ ಹತ್ತುವವರೆಗೆ ಗಾಡಿಯಲ್ಲಿ ಮಾತಿರಲಿಲ್ಲ.

ಇದೆಲ್ಲ ಆಗಿ ಐದಾರು ತಿಂಗಳಾಯಿತು. ಮೊನ್ನೆ ಮಾರ್ಚ್ ಕೊನೆಗೆ ಕೆರೆಯ ಅಂಚು ಬತ್ತಿ ಮಣ್ಣು ಒಡೆದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಹುಡುಗ ಕಾಣಲಿಲ್ಲ. ಹುಡುಕಿ ಹೋದರೆ, ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಕ್ಕನ ಪಟ್ಟಿಯಲ್ಲಿ ಗೀಟು ಹಾಕುತ್ತಿದ್ದ. ನಾಲ್ಕು ಮೂಲೆಯವು ಹತ್ತೊಂಬತ್ತು, ಐದರವು ಹದಿನಾಲ್ಕು, ಆರರವು ಆರೇ ಆರು.

‘ಅಪ್ಪಾ, ಅಲ್ಲಿ ಆರು ಮೂಲಿವು ಹೆಚ್ಚಿದ್ವು. ಇಲ್ಲಿ ಯಾಕ ಕಡಿಮಿ?’

ಈ ಸಲ ಗೊತ್ತಿಲ್ಲ ಎಂದೇ ಹೇಳಿದೆ. ಇಬ್ಬರೂ ಮಾಸ್ತರರ ಮನೆಗೆ ಹೋದೆವು. ಮಣ್ಣು ಒಮ್ಮೆಗೇ ಒಡೆದಾಗ ಹೊಸ ಬಿರುಕು ಹಳೆಯ ಬಿರುಕಿಗೆ ಅಡ್ಡಡ್ಡ ಹೋಗಿ ಕೂಡುತ್ತದೆ, ಅದಕ್ಕೆ ಚೌಕ ಹೆಚ್ಚು ಎಂದರು ಅವರು. ಕಲ್ಲಿನಲ್ಲಿ ಬಿರುಕು ತುಸುತುಸುವೇ ಕೆಳಗಿಳಿಯುತ್ತ, ಇಳಿದಂತೆಲ್ಲ ತನ್ನ ಮೂಲೆಯನ್ನು ತಿದ್ದಿಕೊಳ್ಳುತ್ತ ಆರಕ್ಕೆ ಬಂದು ನಿಲ್ಲುತ್ತದಂತೆ. ಮಣ್ಣೂ ನೆನೆದು ಒಣಗಿ, ನೆನೆದು ಒಣಗಿ ಹತ್ತಾರು ಸಲವಾದರೆ ಆರರ ಕಡೆಗೇ ಸಾಗುತ್ತದಂತೆ.

ಅಂದಿನಿಂದ ಹಿತ್ತಿಲಲ್ಲಿ ಒಂದು ಹಳೆಯ ತಗಡಿನ ಬುಟ್ಟಿಯಲ್ಲಿ ಕೆರೆಮಣ್ಣು ಕಲಸಿ ಇಟ್ಟಿದ್ದಾನೆ. ಒಣಗಿದ ಮೇಲೆ ನೀರು ಹಾಕುತ್ತಾನೆ, ಮತ್ತೆ ಬಿಸಿಲಿಗಿಡುತ್ತಾನೆ. ಇಲ್ಲಿಯವರೆಗೆ ನಾಲ್ಕು ಸಲವಾಗಿದೆ. ಕುಂಬಳದ ಬೀಜ ಹಾಕಲು ಆ ಬುಟ್ಟಿ ಬೇಕೆಂದು ಅವ್ವ ದಿನಾ ಕೇಳುತ್ತಿದ್ದಾಳೆ.